ಮೂರಕ್ಕೂ ನಾಲ್ಕಕ್ಕೂ ನಡುವೆ

ನಮ್ಮ ಕಟ್ಟಡಕ್ಕೆ ಮಹಡಿಗಳು ಆರು, ಲಿಫ್ಟು ಒಂದೇ. ನಾನಿರುವುದು ಐದನೆಯದರಲ್ಲಿ. ನನ್ನ ಮಂಡಿಗಳೂ ನನ್ನ ಜೊತೆಗೇ ಇವೆ, ಆದರೆ ಅವಕ್ಕೆ ಐದನೇ ಮಹಡಿ ಇಷ್ಟವಿಲ್ಲ. ಹೀಗಾಗಿ ಲಿಫ್ಟಿನ ಆರೋಗ್ಯದ ಬಗ್ಗೆ ನನಗಿರುವ ಕಾಳಜಿ ನನ್ನ ಹೆಂಡತಿಯ ಆರೋಗ್ಯದ ಬಗ್ಗೆಯೂ ಇಲ್ಲ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ. ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಕೆಲವರ ಮೇಲೆ ಸಿಟ್ಟಾಗುವವನಿದ್ದೇನೆ.

ಎರಡನೇ ಮಹಡಿಯಲ್ಲಿ ಲಿಫ್ಟಪ್ಪನ ಸಂಸಾರ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ. ಆದರೆ ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದು, ನಮ್ಮದೇ ಲಿಫ್ಟಿನ ಉಸ್ತುವಾರಿಯನ್ನೂ ಹೊತ್ತವನನ್ನು ಕಟ್ಟಡದ ಮಕ್ಕಳು ಇನ್ನೇನೆಂದು ಕರೆದಾವು? ದೊಡ್ಡವರೂ ಹಾಗೇ ಕರೆಯತೊಡಗಿದೆವು. ಅವನಿಗೆ ಐದು ವರ್ಷದ ಮಗಳು, ಒಂದೂವರೆ ವರ್ಷದ ಅವಳಿ ಗಂಡುಮಕ್ಕಳು. ಅವಳಿಗಳಲ್ಲಿ ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಕಾರ್ಖಾನೆಯ ಪಾಳಿಯಂತೆ ಅದು ಎಂದೂ ತಪ್ಪಿದ್ದಿಲ್ಲ. ಎರಡೂ ಎದ್ದಿರುವ ಪಾಳಿಯೊಂದಿತ್ತು, ಸಂಜೆಯದು. ಎರಡೂ ಮಲಗಿರುವ ಪಾಳಿಯನ್ನು ಆ ಆಡಳಿತ ಮಂಡಳಿ ಇನ್ನೂ ಮಂಜೂರು ಮಾಡಿರಲಿಲ್ಲ.

ಇಂಥ ಮನೆಯಲ್ಲಿ ಕೂತು ಲಿಫ್ಟಪ್ಪ ಸೇಫ್ಟಿ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದ. ಅದೇನು ಹುಡುಗಾಟದ ಪರೀಕ್ಷೆಯಲ್ಲ. ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಮೊದಲು ಬರೆಯುವ ಪರೀಕ್ಷೆ, ಆಮೇಲೆ ಸಾಹೇಬರ ಎದುರು ಬಾಯಲ್ಲಿ ಉತ್ತರಿಸುವ ಪರೀಕ್ಷೆ. ಒಬ್ಬನಿಗೆ ಮೂರೇ ಅವಕಾಶ. ಮೂರರಲ್ಲೂ ಕೈಕೊಟ್ಟರೆ ಸಾಯುವವರೆಗೆ ಎಣ್ಣೆಡಬ್ಬಿ ಹಿಡಿದ ಮೆಕ್ಯಾನಿಕ್ಕೇ ಗತಿ. ಲಿಫ್ಟಪ್ಪ ಆಗಲೇ ಎರಡನ್ನು ಕಳೆದುಕೊಂಡಿದ್ದ. ಮೊದಲ ಸಲ ಪರೀಕ್ಷೆಯ ದಿನವೇ ಅವಳಿಗಳು ಹುಟ್ಟಿದವು. ಎರಡನೇ ಸಲ, ಹಲ್ಲು ಬರುತ್ತಿದ್ದ ಚಿಕ್ಕದು ಪುಸ್ತಕದ ಐದನೇ ಅಧ್ಯಾಯವನ್ನು ತಿಂದುಹಾಕಿತು. ಲಿಫ್ಟು ಮಿತಿಮೀರಿದ ವೇಗದಲ್ಲಿ ಇಳಿದರೆ ಅದನ್ನು ಹಿಡಿದು ನಿಲ್ಲಿಸುವ ಗವರ್ನರ್ ಎಂಬ ಸಾಧನದ ಬಗ್ಗೆ ಇದ್ದ ಅಧ್ಯಾಯ ಅದು. ಪ್ರಶ್ನೆಗಳು ಬಂದದ್ದೂ ಅದರಿಂದಲೇ. ಉತ್ತರಗಳು ಆ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದವು.

ಇಷ್ಟಾದರೂ ಅವನ ಮಾವನವರ ಊರಿನಲ್ಲಿ ಅವನು ಇನ್ಸ್‌ಪೆಕ್ಟರ್ ಆಗಿ ಎರಡು ವರ್ಷವಾಗಿತ್ತು. ಮಾವನವರು ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ಮೂಟೆಗಳನ್ನು ವರ್ಷಗಟ್ಟಲೆ ಒಳಗಿಟ್ಟುಕೊಂಡವರಿಗೆ ಸುದ್ದಿಯನ್ನು ಒಂದು ಗಂಟೆ ಒಳಗಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅಳಿಯ ಅರ್ಜಿ ಹಾಕಿದನೆಂದು ಗೊತ್ತಾದ ದಿನವೇ ಬಂಧುಬಳಗಕ್ಕೆಲ್ಲ, "ನಮ್ಮ ಅಳಿಯಂದ್ರು ಲಿಫ್ಟ್ ಇನ್ಸ್‌ಪೆಕ್ಟರು" ಎಂದು ಸಾರಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಈಗ ಲಿಫ್ಟಪ್ಪ ಫೇಲಾದರೆ ಅವನೊಬ್ಬನೇ ಫೇಲಾಗುತ್ತಿರಲಿಲ್ಲ, ಮಾವನವರು ನೆಂಟರಿಷ್ಟರ ಎದುರು ಸುಳ್ಳುಗಾರರಾಗುತ್ತಿದ್ದರು.

ಓದಿಸುವ ಜವಾಬ್ದಾರಿ ಹೆಂಡತಿಯದು. ಸಂಜೆ ಅವಳು ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಹೊಸದಾಗಿ ತಂದ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು.

"ರೀ, ಗವರ್ನರ್ ಹಗ್ಗ ಸಡಿಲ ಆದ್ರೆ ಏನಾಗುತ್ತೆ?"

"ಅದು... ಹಗ್ಗ ಸಡಿಲ ಆದಾಗ... ಏಯ್, ಅವನ ಕಿವಿ ಬಿಡೋ."

"ಸ್ವಿಚ್ ಬಿದ್ದು ಕರೆಂಟ್ ಹೋಗುತ್ತೆ, ಲಿಫ್ಟ್ ನಿಲ್ಲುತ್ತೆ. ಮುಂದಿಂದು. ಬ್ರೇಕ್ ಪರೀಕ್ಷೆ ಹೇಗ್ ಮಾಡ್ತೀರಿ?"

"ತುಂಬಿದ ಭಾರ ಹಾಕಿ... ಲೇ, ಅವನು ಪೆನ್ಸಿಲ್ ನುಂಗ್ತಿದಾನೆ ಕಣೇ!"

"ಅದು ಪೆನ್ಸಿಲ್ ಅಲ್ಲ, ಸೌತೆಕಾಯಿ. ತುಂಬಿದ ಭಾರ ಹಾಕಿ?"

"ಅಪ್ಪಾ," ಎಂದು ಮಗಳು ನಡುವೆ ಬಂದಳು, "ನೀನು ಪಾಸಾದ್ರೆ ನಮ್ಮ ಲಿಫ್ಟು ಏಳನೇ ಮಹಡೀಗೂ ಹೋಗುತ್ತಾ?"

ಒಂದು ತಿಂಗಳು ಹೀಗೆ ನಡೆದ ಮೇಲೆ ಪುಸ್ತಕ ಪೂರ್ತಿ ಬಾಯಿಪಾಠವಾಗಿತ್ತು, ಹೆಂಡತಿಗೆ. ಲಿಫ್ಟಪ್ಪ ಎರಡನೇ ಅಧ್ಯಾಯದಲ್ಲೇ ಇದ್ದ.

ಆಗ ಆ ಸಂಜೆ ಬಂತು. ತಿಂಗಳ ಸರ್ವೀಸ್ ಮಾಡಲೆಂದು ಲಿಫ್ಟಪ್ಪ ನಮ್ಮ ಲಿಫ್ಟಿನೊಳಗೆ ಹೋದ. ಗುಂಡಿಗಳ ಕೆಳಗೆ ಒಂದು ಪುಟ್ಟ ಬಾಗಿಲಿದೆ. ಅದಕ್ಕೊಂದು ಬೀಗ, ಬೀಗಕ್ಕೆ ಎರಡು ಕೀಲಿಕೈ. ಒಂದು ಲಿಫ್ಟಪ್ಪನ ಜೇಬಿನಲ್ಲಿ, ಇನ್ನೊಂದು ಅವನ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ. ಒಳಗಿನ ಸ್ವಿಚ್ ಒತ್ತಿದರೆ ಲಿಫ್ಟು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಯಾರು ಎಷ್ಟು ಗುಂಡಿ ಒತ್ತಿದರೂ ಕದಲುವುದಿಲ್ಲ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಲಿಫ್ಟಪ್ಪ ಅದನ್ನು ಒತ್ತಿದ. ಲಿಫ್ಟು ನಿಂತಿತು. ಆಗ ಅವನಿಗೆ ಏನೋ ಕೇಳಿಸಲಿಲ್ಲ.

ಏನು ಕೇಳಿಸುತ್ತಿಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಳು ಇರಲಿಲ್ಲ. ಫೋನೂ ಮೂಕವಾಗಿತ್ತು, ಒಳಗೆ ಸಿಗ್ನಲ್ ಇರಲಿಲ್ಲ. ದೀಪವಿತ್ತು, ಫ್ಯಾನ್ ಇತ್ತು, ಮೂರು ಕಡೆ ಒರಗಲು ಗೋಡೆಯಿತ್ತು. ಜೇಬಿನಲ್ಲಿ ಮಡಚಿಟ್ಟಿದ್ದ ಎರಡನೇ ಅಧ್ಯಾಯದ ಪುಟಗಳನ್ನು ತೆಗೆದು ನೆಲದ ಮೇಲೆ ಕೂತ. ಕೂತವನು ಅಧ್ಯಾಯ ಮುಗಿಸಿಯೇ ಎದ್ದ.

ಮರುದಿನ ಸಂಜೆ, ಅವಳಿಗಳ ಪಾಳಿ ಕೂಡುವ ಹೊತ್ತಿಗೆ, "ಕಂಪ್ಲೇಂಟ್ ಬಂದಿದೆ ಕಣೇ, ಎಲ್ಲೋ ಲಿಫ್ಟು ನಿಂತಿದೆಯಂತೆ" ಎಂದು ಹೇಳಿ ಲಿಫ್ಟಪ್ಪ ಮನೆ ಬಿಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಒಂದು ಲಿಫ್ಟು ನಿಂತಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತಿದೆ. ನಮಗೆ ಮಾತ್ರ ಬೇಲಿಯ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಲಿಫ್ಟು ದಿನಾ ಸಂಜೆ ಮೂರಕ್ಕೂ ನಾಲ್ಕಕ್ಕೂ ನಡುವೆ ನಿಲ್ಲುತ್ತಿತ್ತು. ನಾವು ಲಿಫ್ಟಪ್ಪನಿಗೆ ಫೋನ್ ಮಾಡುತ್ತಿದ್ದೆವು, ಅದು ಹತ್ತುತ್ತಿರಲಿಲ್ಲ. ನಾವು ಬೈಯುತ್ತ ಕಾಯುತ್ತಿದ್ದೆವು. ಅರ್ಧ ಗಂಟೆಯ ಮೇಲೆ ಲಿಫ್ಟು ಗುರ್ ಎಂದು ತಾರಸಿಯ ಕಡೆಗೆ ಹೋಗುತ್ತಿತ್ತು. ಆಮೇಲೆ ಅದರಲ್ಲೇ ಲಿಫ್ಟಪ್ಪ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಹಣೆ ಒರೆಸಿಕೊಳ್ಳುತ್ತ ಇಳಿದುಬರುತ್ತಿದ್ದ.

"ಸರಿಹೋಯ್ತಾ?" ಎಂದು ನಾವು ಕೇಳುತ್ತಿದ್ದೆವು.

"ಇವತ್ತಿಗೆ ಸರಿಹೋಯ್ತು ಸಾರ್," ಎನ್ನುತ್ತಿದ್ದ. ಅದೂ ನಿಜವೇ.

ಕಾರಣವೇನೆಂದು ನಮ್ಮಲ್ಲಿ ಮೂರು ಮತಗಳಾದವು. ಮೂರನೇ ಮಹಡಿಯ ಟೈಲರ್ ಪ್ರಕಾರ, ನಾಲ್ಕನೆಯವರು ಹೊಸದಾಗಿ ತಂದ ಮೀನಿನ ತೊಟ್ಟಿಯ ಭಾರಕ್ಕೆ ಕಟ್ಟಡ ಒಂದು ಪಕ್ಕಕ್ಕೆ ವಾಲಿ, ಲಿಫ್ಟು ಅಲ್ಲಿ ಉಜ್ಜುತ್ತಿತ್ತು. ನಾಲ್ಕನೆಯವರ ಪ್ರಕಾರ ಟೈಲರನ ಹೊಲಿಗೆ ಯಂತ್ರದ ಅದುರುವಿಕೆಗೆ ಲಿಫ್ಟಿನ ಬೋಲ್ಟುಗಳು ಸಡಿಲವಾಗುತ್ತಿದ್ದವು. ನಮ್ಮ ಸಂಘದ ಕಾರ್ಯದರ್ಶಿ ಮೇಷ್ಟ್ರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಯಾರನ್ನಾದರೂ ಬೆಂಚಿನ ಮೇಲೆ ನಿಲ್ಲಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅವರು ತೂಕದ ಯಂತ್ರವನ್ನೇ ತಂದು ಲಿಫ್ಟಿನ ಬಾಗಿಲ ಬಳಿ ಇಟ್ಟು, ಒಬ್ಬೊಬ್ಬರನ್ನೇ ತೂಗಿ ಒಳಗೆ ಬಿಡತೊಡಗಿದರು. ನನ್ನ ಹೆಂಡತಿಯನ್ನೂ ತೂಗಿದರು. ತೂಗಿ, ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ನಮ್ಮೆರಡು ಮನೆಗಳ ನಡುವೆ ಮಾತುಕತೆ ನಿಂತಿತು. ಲಿಫ್ಟು ಮಾತ್ರ ಮೊದಲಿನಂತೆ ನಿಲ್ಲುತ್ತಲೇ ಇತ್ತು.

ನನ್ನ ವಿಷಯ ಕೇಳಿದರೆ, ನಾನು ಮೆಟ್ಟಿಲು ಹತ್ತಿ ಹತ್ತಿ ಸಣ್ಣಗಾದೆ. ಡಾಕ್ಟರು ನನ್ನನ್ನು ನೋಡಿ, "ಭೇಷ್, ಏನ್ ವ್ಯಾಯಾಮ ಮಾಡ್ತಿದೀರಿ?" ಎಂದರು. ಶಾಪ ಹಾಕುತ್ತ ಹತ್ತುವುದಕ್ಕೆ ವ್ಯಾಯಾಮ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಈ ನಡುವೆ ಲಿಫ್ಟಪ್ಪ ಒಂದೊಂದಾಗಿ ಸೌಕರ್ಯಗಳನ್ನು ಹೆಚ್ಚಿಸಿಕೊಂಡಿದ್ದ. ಮೊದಲು ಫ್ಲಾಸ್ಕು ಬಂತು, ಬೆನ್ನಿಗೊಂದು ದಿಂಬು ಬಂತು. ಕೊನೆಗೆ, ನೆಲದಲ್ಲಿ ಕೂತು ಕಾಲು ಜೋಮು ಹಿಡಿಯುತ್ತದೆಂದು ಅಡುಗೆಮನೆಯ ಮರದ ಸ್ಟೂಲೂ ಬಂತು. ಎಲ್ಲವೂ ತಾರಸಿಯ ಯಂತ್ರದ ಕೋಣೆಯಲ್ಲಿ ಠಿಕಾಣಿ ಹೂಡಿದವು. ಎರಡನೇ ಮಹಡಿಯಲ್ಲಿ ಹಾಲಿನ ಪುಡಿಯ ಡಬ್ಬಿ ಮೇಲಿನ ಶೆಲ್ಫಿನಲ್ಲಿರುತ್ತದೆ, ಅವಳಿಗಳಿಗೆ ಎಟುಕಬಾರದೆಂದು. ಸ್ಟೂಲಿಲ್ಲದೆ ಅದು ಅವುಗಳ ತಾಯಿಗೂ ಎಟುಕುತ್ತಿರಲಿಲ್ಲ.

"ರೀ, ನನ್ನ ಸ್ಟೂಲ್ ನೋಡಿದ್ರಾ?"

"ಸ್ಟೂಲಾ? ಯಾವ ಸ್ಟೂಲು?"

"ನಮ್ಮನೇಲಿ ಇರೋದೇ ಒಂದು."

"ಅವಳಿಗಳು ಎಲ್ಲೋ ಹಾಕಿರ್ತಾವೆ ಬಿಡು," ಎಂದು ಲಿಫ್ಟಪ್ಪ ಕಂಪ್ಲೇಂಟಿನ ಮೇಲೆ ಹೊರಟ. ಅವಳು ಡಬ್ಬಿಯನ್ನು ಕೋಲಿನಿಂದ ಇಳಿಸಿದಳು.

ಬರೆಯುವ ಪರೀಕ್ಷೆ ಹೀಗೆ ಮುಗಿಯಿತು, ಚೆನ್ನಾಗಿಯೇ ಮುಗಿಯಿತು. ಬಾಯಿಪರೀಕ್ಷೆ ಉಳಿದಿತ್ತು. ಅದಕ್ಕೆ ಸ್ವಲ್ಪ ದಿನವಿದೆ ಎನ್ನುವಾಗ ಮಾವನವರು, ಇನ್ಸ್‌ಪೆಕ್ಟರ್ ಅಳಿಯನನ್ನು ಕಂಡುಹೋಗಲು, ಮೊದಲೇ ತಿಳಿಸದೆ ಬಂದಿಳಿದರು. ಅದೂ ಸಂಜೆ, ಲಿಫ್ಟು ನಿಂತಿದ್ದ ಹೊತ್ತಿಗೆ. ಮಗಳ ಮನೆಗೆ ಎರಡೇ ಮಹಡಿ ಹತ್ತಬೇಕಿತ್ತು. ಆದರೆ ಆವೇಶದಲ್ಲಿ ಲೆಕ್ಕ ತಪ್ಪಿ ಮೂರನ್ನೂ ದಾಟಿ ನಾಲ್ಕರ ಕಡೆ ಹೊರಟುಬಿಟ್ಟರು. ಉಬ್ಬಸ ಬಂದು ನಡುಮೆಟ್ಟಿಲಲ್ಲಿ ಕೂತಾಗ ಪಕ್ಕದ ಗೋಡೆಯೊಳಗಿನಿಂದ ಅಳಿಯನ ಧ್ವನಿ ಕೇಳಿಸಿತು.

"ವೇಗ ಮಿತಿ ಮೀರಿದಾಗ... ದವಡೆಗಳು ಕಚ್ಚಿಕೊಳ್ಳುತ್ತವೆ... ತೂಗುಭಾರ..."

ಅಳಿಯ ಗೋಡೆಯೊಳಗೆ ನರಳುತ್ತಿದ್ದಾನೆಂದು ಮಾವನವರಿಗೆ ಖಾತ್ರಿಯಾಯಿತು. ಎಲ್ಲಾ ಮಹಡಿಗಳಿಗೂ ಕೇಳುವಂತೆ ಕೂಗಿದರು: "ಅಯ್ಯಯ್ಯೋ! ನಮ್ಮ ಅಳಿಯಂದ್ರನ್ನ ಏನೋ ಕಚ್ಚಿಕೊಂಡಿದೆ! ಯಾರಾದ್ರೂ ಬನ್ರಪ್ಪಾ!"

ಬಂದೆವು. ಟೈಲರ್ ಅಳತೆಪಟ್ಟಿ ಕೊರಳಲ್ಲೇ ಹಾಕಿಕೊಂಡು ಬಂದ. ಮೇಷ್ಟ್ರು ಕಂಪನಿಗೆ ಫೋನ್ ಹಚ್ಚಿ, ನಮಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ನಮ್ಮ ಲಿಫ್ಟಲ್ಲಿ ಒಬ್ಬರು ಸಿಕ್ಕಿಹಾಕ್ಕೊಂಡಿದಾರೆ. ತಕ್ಷಣ ಮೆಕ್ಯಾನಿಕ್ ಕಳಿಸಿ."

"ಸರಿ ಸಾರ್. ನಮ್ಮ ಮೆಕ್ಯಾನಿಕ್ ನಿಮ್ಮ ಕಟ್ಟಡದಲ್ಲೇ ಇದಾರೆ. ಕಳಿಸ್ತೀವಿ."

"ಅವರೇ ಕಣ್ರೀ ಒಳಗಿರೋದು!"

"ಹಾಗಾದ್ರೆ ಆಗ್ಲೇ ತಲುಪಿದಾರೆ ಸಾರ್," ಎಂದು ಆ ಕಡೆಯವಳು ದೂರನ್ನು ಮುಗಿಸಿಬಿಟ್ಟಳು.

ಈ ಗದ್ದಲಕ್ಕೆ ಲಿಫ್ಟು ತಾನೇ ಕದಲಿತು. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಒಳಗೆ ಲಿಫ್ಟಪ್ಪ ಸ್ಟೂಲಿನ ಮೇಲೆ ಕೂತಿದ್ದ. ಬೆನ್ನಿಗೆ ದಿಂಬು, ಕಾಲ ಬಳಿ ಫ್ಲಾಸ್ಕು, ತೊಡೆಯ ಮೇಲೆ ಪುಸ್ತಕ. ಒಂದು ಕೈ ಇನ್ನೂ ಪುಟ್ಟ ಬಾಗಿಲ ಹತ್ತಿರವೇ ಇತ್ತು.

ನಾನು ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವನು. ನಿದ್ದೆ ಮಾಡುವಂತೆ ನಟಿಸುವವರನ್ನು ಉಸಿರಿನಿಂದಲೇ ಗುರುತಿಸಿ ಇಳಿಸಿದವನು. ಸುಳ್ಳು ನನ್ನ ಕಣ್ಣು ತಪ್ಪಿಸಿ ಹೋಗಲಾರದು ಎಂದು ಇಂದಿಗೂ ನಂಬಿದ್ದೇನೆ. ಆದರೂ ಆ ಹೊತ್ತಿನಲ್ಲಿ, ಅಪಘಾತದಲ್ಲಿ ಸಿಕ್ಕಿಕೊಂಡ ಮನುಷ್ಯನ ಬಳಿ ಸ್ಟೂಲು ಹೇಗೆ ಬಂತೆಂದು ನನಗೆ ಹೊಳೆಯಲಿಲ್ಲ.

ಮೊದಲು ಬಾಯಿ ತೆರೆದದ್ದು ಮೇಷ್ಟ್ರು. "ನೋಡಿ," ಎಂದರು, ನಮ್ಮ ಕಡೆ ತಿರುಗಿ, "ಪ್ರಾಣ ಗಾಳೀಲಿ ತೂಗಾಡ್ತಿದ್ರೂ ಪುಸ್ತಕ ಬಿಟ್ಟಿಲ್ಲ! ವಿದ್ಯಾರ್ಥಿ ಅಂದ್ರೆ ಹೀಗಿರಬೇಕು!"

ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಲಿಫ್ಟಪ್ಪ ಎದ್ದು ನಿಂತು ಎಲ್ಲರಿಗೂ ಕೈಮುಗಿದ, ಬೇರೇನೂ ತೋಚದೆ. ಆಗ ಅವನ ಹೆಂಡತಿ, ಸೊಂಟದ ಎರಡೂ ಕಡೆ ಒಂದೊಂದು ಮಗು ಏರಿಸಿಕೊಂಡು, ಗುಂಪಿನ ಹಿಂದಿನಿಂದ ಬಂದಳು. ಗಂಡನ ಮುಖ ನೋಡಲಿಲ್ಲ. ಸ್ಟೂಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮಗಳಿಗೆ, "ಪುಟ್ಟೀ, ಅದನ್ನ ಎತ್ಕೊಂಡು ಬಾ, ಮನೆಗೆ ಹೋಗೋಣ" ಎಂದಳು.

ವಿಷಯ ಇಲ್ಲಿಗೆ ಮುಗಿಯುತ್ತಿತ್ತು. ಹೊಗಳಿಕೆ ಮುಗಿಯಗೊಡಲಿಲ್ಲ. ಮೇಷ್ಟ್ರು ರಾತ್ರೋರಾತ್ರಿ ಲಿಫ್ಟಪ್ಪನ ಧೈರ್ಯ, ಶ್ರದ್ಧೆ, ಕರ್ತವ್ಯನಿಷ್ಠೆಗಳನ್ನು ಕೊಂಡಾಡಿ ಸುರಕ್ಷತಾ ಕಚೇರಿಯ ದೊಡ್ಡ ಸಾಹೇಬರಿಗೆ ಪತ್ರ ಬರೆದರು. ಲಿಫ್ಟು ದಿನಾ ಕೆಡುತ್ತದೆ, ಈ ಮಹಾನುಭಾವ ದಿನಾ ಸರಿಮಾಡುತ್ತಾನೆ, ಇಂಥವನಿಗೆ ಸನ್ಮಾನವಾಗಬೇಕು ಎಂದು ಅದರ ಸಾರಾಂಶ. ಸಾಹೇಬರು ಅದನ್ನು ಓದಿ, ಸನ್ಮಾನದ ಭಾಗವನ್ನು ಬಿಟ್ಟು, ದಿನಾ ಕೆಡುತ್ತದೆ ಎಂಬ ಭಾಗವನ್ನು ಹಿಡಿದುಕೊಂಡರು. ಮರುವಾರವೇ ತಪಾಸಣೆಗೆ ಬಂದರು.

ತೆಳ್ಳನೆಯ ಮನುಷ್ಯ, ನಗು ಬೇರೆ ಯಾರಿಗೋ ಸೇರಿದ್ದೆಂಬಂಥ ಮುಖ. ಲಿಫ್ಟಪ್ಪ ಟಾರ್ಚು ಹಿಡಿದು ಅವರ ಹಿಂದೆ ನಡೆದ. ಸಾಹೇಬರು ಹಗ್ಗ ನೋಡಿದರು, ಬ್ರೇಕು ನೋಡಿದರು, ಬಾಗಿಲ ಬೀಗಗಳನ್ನು ನೋಡಿದರು, ಯಂತ್ರದ ಕೋಣೆಯಲ್ಲಿ ಕೂತು ಸದ್ದು ಆಲಿಸಿದರು. ಸಂಜೆಯವರೆಗೂ ಕಾದರು. ಲಿಫ್ಟು ನಿಲ್ಲಲಿಲ್ಲ. ಹೇಗೆ ನಿಂತೀತು, ಅದನ್ನು ನಿಲ್ಲಿಸುವವನು ಹೊರಗೆ ಟಾರ್ಚು ಹಿಡಿದು ನಿಂತಿದ್ದ. ಕೊನೆಯಲ್ಲಿ ಸಾಹೇಬರು ಲಿಫ್ಟಿನ ನೆಲದ ಮೇಲೆ ಬಗ್ಗಿ, ನಾಲ್ಕು ಪುಟ್ಟ ಗುಂಡನೆಯ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದೇನು?"

"ಯಾರೋ ಸಾಮಾನು ಸಾಗಿಸಿರಬೇಕು ಸಾರ್."

ಸಾಹೇಬರು ಮೂಲೆಯಲ್ಲಿ ಬಿದ್ದಿದ್ದ ಒಂದು ಬಿಸ್ಕತ್ತಿನ ಚೂರನ್ನೂ ನೋಡಿದರು. "ಹೂಂ," ಎಂದರು. ಹೊರಟುಹೋದರು.

ಬಾಯಿಪರೀಕ್ಷೆಯ ಕೋಣೆಯಲ್ಲಿ ಮೇಜಿನ ಆಚೆ ಕೂತಿದ್ದವರೂ ಅವರೇ. ಅಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಲಿಫ್ಟಪ್ಪ ತನ್ನ ಹೆಂಡತಿಗೆ ಹೇಳಿದ. ಅವಳು ನನ್ನ ಹೆಂಡತಿಗೆ, ಯಾರಿಗೂ ಹೇಳಬೇಡಿ ಎಂದು ಹೇಳಿದಳು. ನನ್ನ ಹೆಂಡತಿ ನನಗೆ ಹೇಳಿದಳು. ಇಷ್ಟು ಭದ್ರವಾದ ದಾರಿಯಲ್ಲಿ ಬಂದದ್ದರಿಂದ ಇದು ಅಕ್ಷರಶಃ ಸತ್ಯ.

ಹೊರಗೆ ಕಾಯುವಾಗ, ಒಳಗಿಂದ ಬಂದವರೆಲ್ಲ ತಲೆ ಕೆರೆದುಕೊಳ್ಳುತ್ತ ಬರುತ್ತಿದ್ದರು. ಸಾಹೇಬರು ಎಲ್ಲರಿಗೂ ಕೇಳಿದ ಒಂದೇ ಪ್ರಶ್ನೆಗೆ ಒಬ್ಬ ವೋಲ್ಟೇಜು ಎಂದಿದ್ದನಂತೆ, ಇನ್ನೊಬ್ಬ ಇಲಿ ಎಂದಿದ್ದನಂತೆ. ಲಿಫ್ಟಪ್ಪನ ಸರದಿ ಬಂತು. ಸಾಹೇಬರು ಅವನನ್ನು ಮುಂಚೆ ಎಂದೂ ಕಂಡಿಲ್ಲವೆಂಬಂತೆ ಕುರ್ಚಿ ತೋರಿಸಿದರು.

"ಒಂದೇ ಪ್ರಶ್ನೆ. ಒಂದು ಲಿಫ್ಟ್ ಇದೆ. ದಿನಾ ಸಂಜೆ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಲ್ಲುತ್ತೆ. ಅರ್ಧ ಗಂಟೆ ಆದ್ಮೇಲೆ ತಾನಾಗೇ ಹೊರಡುತ್ತೆ. ಹಗ್ಗ, ಬ್ರೇಕು, ಬೀಗ, ಮೋಟರ್ ಎಲ್ಲಾ ಸರಿ ಇದೆ. ಕಾರಣ ಏನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಿಫ್ಟಪ್ಪ ಜೇಬು ಮುಟ್ಟಿ ನೋಡಿಕೊಂಡ. ಕೀಲಿಕೈ ಅಲ್ಲೇ ಇತ್ತು. ಸರಿಯಾದ ಉತ್ತರ ಹೇಳಿದರೆ ಕೆಲಸ ಹೋಗುತ್ತದೆ, ತಪ್ಪು ಹೇಳಿದರೆ ಮೂರನೇ ಅವಕಾಶ ಹೋಗುತ್ತದೆ. ಅಷ್ಟೂ ಅಭ್ಯರ್ಥಿಗಳಲ್ಲಿ ಉತ್ತರ ಗೊತ್ತಿದ್ದವನು ಅವನೊಬ್ಬನೇ.

"ಬಿಸಿಗೆ... ಸರ್ಕ್ಯೂಟು..." ಎಂದ.

"ನೋಡಿದೀನಿ. ಅಲ್ಲ."

"ಬಾಗಿಲಿನ ಸ್ವಿಚ್ಚಲ್ಲಿ ಧೂಳು..."

"ಅದೂ ಅಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ಮುಂದಿನವರನ್ನ ಕರೀತೀನಿ."

ಸಾಹೇಬರ ಕೈ ಗಂಟೆಯ ಕಡೆಗೆ ಹೋಯಿತು. ಲಿಫ್ಟಪ್ಪನ ಕಣ್ಣೆದುರು ಮಾವನವರು ಬಂದರು, ಅವರ ಹಿಂದೆ ಬಂಧುಬಳಗ ಬಂತು. ಎಲ್ಲರ ಹಿಂದೆ, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಹೆಂಡತಿ ನಿಂತಿದ್ದಳು.

"ಒಳಗೆ ಒಬ್ಬ ಮನುಷ್ಯ ಇದಾನೆ ಸಾರ್."

ಕೈ ನಿಂತಿತು. "ಏನ್ ಮಾಡ್ತಿದಾನೆ?"

"ಓದ್ತಿದಾನೆ."

"ಏನು?"

"ಐದನೇ ಅಧ್ಯಾಯ."

"ಅದನ್ನ ಮನೇಲಿ ಓದಬಾರದಾ?"

"ಅವಳಿ ಮಕ್ಕಳು ಸಾರ್. ಒಂದೂವರೆ ವರ್ಷ."

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಾನು ನೀರಿನ ಟ್ಯಾಂಕ್ ಮೇಲೆ ಕೂತು ಓದಿದೆ," ಎಂದರು. "ಆದ್ರೆ ನನ್ನ ಟ್ಯಾಂಕಿಗೋಸ್ಕರ ಮಂಡಿನೋವಿನವರು ಯಾರೂ ಕೆಳಗೆ ಕಾಯ್ತಿರಲಿಲ್ಲ. ಕಾರಣ ಸರಿ. ಪರಿಹಾರ?"

ಲಿಫ್ಟಪ್ಪ ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟ.

"ಪೂರ್ತಿ ಅಂಕ," ಎಂದರು ಸಾಹೇಬರು. "ಇನ್ನು ಶಿಕ್ಷೆ. ನಾನು ಹೇಳೋವರೆಗೂ ನೀವು ಯಾವ ಲಿಫ್ಟೂ ಹತ್ತೋ ಹಾಗಿಲ್ಲ. ತಪಾಸಣೆಗೆ ಹೋದ್ರೂ ಮೆಟ್ಟಿಲಲ್ಲೇ. ಮುಂದಿನವರನ್ನ ಕಳಿಸಿ."

ಮಂಡಿನೋವಿನವರು ಎಂದು ಸಾಹೇಬರು ನನ್ನನ್ನೇ ಕುರಿತು ಹೇಳಿದ್ದೆಂದು ತಿಳಿದು ನನಗೆ ನ್ಯಾಯದ ಮೇಲೆ ನಂಬಿಕೆ ಮರಳಿತು. ಮಾಡಿದ್ದುಣ್ಣೋ ಮಹರಾಯ ಎಂದು ಲಿಫ್ಟಪ್ಪನಿಗೆ ನಾಲ್ಕು ಮಾತು ಹೇಳಬೇಕೆಂದೂ ತೀರ್ಮಾನಿಸಿದೆ. ಆದರೆ ಅವನು ಪಾಸಾದ ದಿನ ಮಾವನವರು ಮೆಟ್ಟಿಲ ಬಳಿ ನಿಂತು, ಈಗ ಮೊದಲ ಸಲ ನಿಜವಾದ ಸುದ್ದಿಯನ್ನು, ಕಂಡಕಂಡವರಿಗೆಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿ, ನಾಲ್ಕು ಮಾತನ್ನೂ ನುಂಗಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಸಂತೋಷವಾಗಿತ್ತು.

ಇನ್ಸ್‌ಪೆಕ್ಟರ್ ಲಿಫ್ಟಪ್ಪ ಮೆಟ್ಟಿಲಲ್ಲೇ ಓಡಾಡಿದ. ಕಟ್ಟಡದಲ್ಲಿ ಗುಸುಗುಸು ಎದ್ದಿತು. "ಇನ್ಸ್‌ಪೆಕ್ಟರೇ ಹತ್ತಲ್ಲ ಅಂದ್ಮೇಲೆ ಒಳಗೇನೋ ಇದೆ" ಎಂದ ಟೈಲರ್. ಒಂದು ವಾರ ಯಾರೂ ಲಿಫ್ಟು ಮುಟ್ಟಲಿಲ್ಲ. ಆಮೇಲೆ ಮಂಡಿಗಳು ಭಯವನ್ನು ಗೆದ್ದವು. ಲಿಫ್ಟು ಬೆಣ್ಣೆಯಂತೆ ಓಡಿತು. ಮೇಷ್ಟ್ರು ತೂಕದ ಯಂತ್ರವನ್ನು ವಾಪಸು ಒಯ್ದರು. ನನ್ನ ಹೆಂಡತಿ ಅವರನ್ನು ಇನ್ನೂ ಕ್ಷಮಿಸಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ಎರಡು ಚೀಲ ತರಕಾರಿಯೊಂದಿಗೆ ಬಂದರೆ ಲಿಫ್ಟಿನ ಮುಂದೆ ಜನ. ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು.

"ಹಳೇ ಕಾಯಿಲೆ ಮರುಕಳಿಸಿದೆ!" ಎಂದು ಮೇಷ್ಟ್ರು ಘೋಷಿಸಿದರು. "ಇನ್ಸ್‌ಪೆಕ್ಟರನ್ನ ಕರೀರಿ!"

ನನಗೆ ಮೈಯೆಲ್ಲ ಉರಿಯಿತು. ಎಲ್ಲಾ ಗೊತ್ತಿದ್ದೂ ಸುಮ್ಮನಿದ್ದವನು ನಾನು. ಚೀಲಗಳನ್ನು ಅಲ್ಲೇ ಇಟ್ಟು, ಈ ಸಲ ಬಿಡುವುದಿಲ್ಲ ಎಂದು ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ಲಿಫ್ಟಪ್ಪ ಎದುರಾದ. ಕಂಕುಳಲ್ಲಿ ಒಂದೊಂದು ಅವಳಿ, ಎರಡೂ ಕಿರುಚುತ್ತಿದ್ದವು. ಹಿಂದೆ ಮಗಳು ಖಾಲಿ ಹಾಲಿನ ಬಾಟಲಿ ಹಿಡಿದು ನಿಂತಿದ್ದಳು.

"ನೀನು ಇಲ್ಲಿದೀಯಾ? ಹಾಗಾದ್ರೆ ಅಲ್ಲಿರೋರು ಯಾರಯ್ಯಾ?"

"ಅಂಗಡಿಗೆ ಹೋಗ್ಬರ್ತೀನಿ ಅಂತ ಹೋದ್ಲು ಸಾರ್, ಇನ್ನೂ ಬಂದಿಲ್ಲ. ಹಾಲಿನ ಪುಡಿ ಡಬ್ಬಿ ಇಳಿಸೋಣ ಅಂತ ಹೋದ್ರೆ," ಎಂದು ಅವನು ದನಿ ತಗ್ಗಿಸಿದ, "ಸ್ಟೂಲ್ ಕಾಣ್ತಿಲ್ಲ."

"ಮೊಳೇಲಿದ್ದ ಕೀಲಿಕೈ?"

"ಅದೂ ಇಲ್ಲ. ಸಾಹೇಬ್ರು ಎರಡನೇದರ ಬಗ್ಗೆ ಕೇಳ್ಲೇ ಇಲ್ಲ ಸಾರ್."

ಒಟ್ಟಿಗೆ ಹತ್ತಿದೆವು. ಲಿಫ್ಟಪ್ಪ ನಾಲ್ಕನೇ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು ಮೊಣಕಾಲಿನಿಂದ ಮೆಲ್ಲಗೆ ತಟ್ಟಿದ.

"ಯಾರು?" ಎಂದಿತು ಕೆಳಗಿನಿಂದ ಒಂದು ಶಾಂತವಾದ ಧ್ವನಿ.

"ನಾನೇ ಕಣೇ."

"ಮಕ್ಕಳು?"

"ಇಲ್ಲೇ ಇದಾವೆ."

"ಅಳ್ತಿದಾವಾ?"

ಎರಡೂ ಸೂರು ಹಾರಿಹೋಗುವಂತೆ ಅಳುತ್ತಿದ್ದವು. "ಇಲ್ಲ," ಎಂದ ಲಿಫ್ಟಪ್ಪ. "ನೀನೇನ್ ಮಾಡ್ತಿದೀಯಾ?"

"ಏನೂ ಇಲ್ಲ."

"ಓದ್ತಿದೀಯಾ?"

"ಏನೂ ಮಾಡ್ತಿಲ್ಲ ಅಂದ್ನಲ್ಲ. ಅದಕ್ಕೇ ಬಂದಿರೋದು."

ಲಿಫ್ಟಪ್ಪ ಸ್ವಲ್ಪ ಹೊತ್ತು ಬಾಗಿಲಿಗೆ ಹಣೆ ಆನಿಸಿ ನಿಂತ. ನಾನು ಎಷ್ಟೋ ತಿಂಗಳಿನಿಂದ ಕೂಡಿಟ್ಟುಕೊಂಡಿದ್ದ ಸಿಟ್ಟು ಆಗ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಹುಡುಕಲೂ ಇಲ್ಲ.

ಕೆಳಗಿನಿಂದ ಮೇಷ್ಟ್ರ ಕೂಗು ಬಂತು: "ಏನಪ್ಪಾ ಇನ್ಸ್‌ಪೆಕ್ಟರೇ, ಕಾರಣ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್!" ಎಂದು ಲಿಫ್ಟಪ್ಪ ಕೂಗಿ ಹೇಳಿದ. "ಐದನೇ ಅಧ್ಯಾಯ! ವೇಗ ಮಿತಿ ಮೀರಿತ್ತು, ಗವರ್ನರ್ ಹಿಡಿದು ನಿಲ್ಲಿಸಿದೆ! ಸುರಕ್ಷತೆಗೇ ನಿಂತಿರೋದು!"

"ಎಷ್ಟು ಹೊತ್ತು?"

"ಅದಕ್ಕೆ ಅನ್ನಿಸಿದಾಗ ಹೊರಡುತ್ತೆ! ಯಾರೂ ಗುಂಡಿ ಒತ್ಬೇಡಿ!"

ಮೇಷ್ಟ್ರಿಗೆ ಅದು ಶಾಸ್ತ್ರೀಯವಾದ ಉತ್ತರವಾಗಿ ಕೇಳಿಸಿರಬೇಕು. ಅವರು ಎಲ್ಲರನ್ನೂ ಸಾಲಾಗಿ ಮೆಟ್ಟಿಲ ಕಡೆ ಕಳಿಸತೊಡಗಿದರು. ಲಿಫ್ಟಪ್ಪ ನಡುಮೆಟ್ಟಿಲಲ್ಲಿ ಕುಸಿದು ಕೂತ. ಹೆಚ್ಚು ಜೋರಾಗಿ ಅಳುತ್ತಿದ್ದ ಅವಳಿಯನ್ನು ಅವನ ಕೈಯಿಂದ ತೆಗೆದುಕೊಂಡು ನಾನೂ ಪಕ್ಕದಲ್ಲಿ ಕೂತೆ. ಅದು ನನ್ನ ಕನ್ನಡಕ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು.

ಮೂವತ್ತು ವರ್ಷದಲ್ಲಿ ಟಿಕೆಟ್ಟಿಲ್ಲದವರು ಯಾರೇ ಸಿಕ್ಕಲಿ, ನಾನು ಇಳಿಸದೆ ಬಿಟ್ಟಿದ್ದಿಲ್ಲ. ಆ ಸಂಜೆ ಒಬ್ಬಳನ್ನು ಬಿಟ್ಟೆ.